ಹುಕ್ಕೇರಿಗೆ ಮೊದಲೇ ಮುಟ್ಟಿದ ಸೈಕಲ್

ಉಪಕಾರ ಮಾಡುವ ಚಟ ಕುಡಿಯುವ ಚಟಕ್ಕಿಂತ ಕೆಟ್ಟದ್ದು. ಕುಡುಕನನ್ನು ನಾಲ್ಕು ಜನ ಬೈದು ಮನೆಗೆ ಕಳಿಸುತ್ತಾರೆ. ಉಪಕಾರಿಯನ್ನು ಬೈಯಲು ಯಾರಿಗೂ ಬಾಯಿ ಬರುವುದಿಲ್ಲ, ಹಾಗಾಗಿ ಅವನು ಸುಧಾರಿಸುವುದೂ ಇಲ್ಲ. ನನಗೆ ಈ ಚಟ ಮೀಸೆ ಮೂಡಿದಾಗಿನಿಂದ ಇದೆ. ಮೀಸೆ ಬೆಳ್ಳಗಾದರೂ ಬಿಟ್ಟಿಲ್ಲ. ಒಮ್ಮೆ ನಮ್ಮ ನಾಗನೂರಿನ ಬಸ್ ನಿಲ್ದಾಣದಲ್ಲಿ ಬಿಸಿಲಿಗೆ ನಿಂತಿದ್ದ ಅಪರಿಚಿತರೊಬ್ಬರನ್ನು, ಅವರು ಬಾಯಿ ತೆರೆಯುವ ಮೊದಲೇ, ಚೀಲ ಸಮೇತ ಗೋಕಾಕದ ಬಸ್ಸಿಗೆ ಹತ್ತಿಸಿ ಕಳಿಸಿದೆ. ಪಾಪ, ಅವರು ಗೋಕಾಕದಿಂದ ಬರುವ ಬೀಗರನ್ನು ಎದುರುಗೊಳ್ಳಲು ನಿಂತಿದ್ದರಂತೆ. ಬೀಗರು ಇಲ್ಲಿಳಿದು ಇವರನ್ನು ಹುಡುಕಿದರು, ಇವರು ಅಲ್ಲಿಳಿದು ಬೀಗರನ್ನು ಹುಡುಕಿದರು. ನಾನು ಮಾತ್ರ ಆ ದಿನ ಪುಣ್ಯ ಕಟ್ಟಿಕೊಂಡ ಸಂತೋಷದಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಓದಿದ್ದು ಮೆಟ್ರಿಕ್, 'ಪರರಿಗೆ ನೆರವಾಗು' ಎಂದು ಮಾಸ್ತರರು ಕಲಿಸಿದ್ದರು. ಮೊದಲು ಅವರನ್ನು ಕೇಳು ಎಂಬುದು ಬಹುಶಃ ಕಾಲೇಜಿನ ಪಾಠವಿರಬೇಕು.

ಈಗ ಹೇಳಬೇಕಾದ ತಪ್ಪು ಹೋದ ಸುಗ್ಗಿಯದು. ಒಂದು ಮಧ್ಯಾಹ್ನ ಮೂಡಲಗಿಯ ಕಡೆಯಿಂದ ಒಬ್ಬ ಹೆಣ್ಣುಮಗಳು ಸೈಕಲ್ಲಿನ ಮೇಲೆ ಬಂದು ನಮ್ಮ ಮನೆಯ ಬೇವಿನ ಮರದ ಕೆಳಗೆ ನಿಂತು ನೀರು ಕೇಳಿದಳು. ಸೈಕಲ್ಲಿನ ಎರಡೂ ಬದಿಗೆ ಕತ್ತೆಯ ಮೇಲೆ ಹೇರಿದಂತೆ ಚೀಲಗಳು. ಹೆಸರು ಸುಮಾ, ಕೋಲಾರದ ಕಡೆಯವಳು, ಆಸ್ಪತ್ರೆಯಲ್ಲಿ ನರ್ಸ್. ರಜೆ ಹಾಕಿ ಬೀದರಿನಿಂದ ಕಾರವಾರಕ್ಕೆ ಹೊರಟಿದ್ದಳು. ನಮ್ಮ ಕಡೆ ನೀರು ಕೇಳಿದವರಿಗೆ ನೀರನ್ನಷ್ಟೇ ಕೊಡುವುದು ಅವಮಾನ. ನನ್ನ ಹೆಂಡತಿ ಗಂಗವ್ವ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು ಬಡಿಸಿದಳು. ಇಷ್ಟು ತಿಂದವರಿಗೆ ಸೈಕಲ್ ಹೊಡೆಯುವುದಿರಲಿ, ಎದ್ದು ಕೈ ತೊಳೆಯುವುದೂ ಕಷ್ಟ. ಆಕೆ ಪಡಸಾಲೆಯಲ್ಲಿ ಅಡ್ಡಾದವಳು ಹಾಗೆಯೇ ನಿದ್ದೆ ಹೋದಳು.

ನನಗೆ ಆ ಸೈಕಲ್ ನೋಡಿ ಕರುಳು ಚುರ್ರೆಂದಿತು. ಹೆಣ್ಣುಮಗಳು, ಬಿಸಿಲು, ಇಷ್ಟು ಭಾರ, ಇನ್ನೂ ಘಟಪ್ರಭಾ ದಾಟಿ ಹುಕ್ಕೇರಿಗೆ ಹೋಗಬೇಕು ಎನ್ನುತ್ತಿದ್ದಳು. ಅಷ್ಟರಲ್ಲಿ ಬಾಜೂ ಮನೆಯ ಟಂಟಂ ಗಾಡಿ ತರಕಾರಿ ಹೇರಿಕೊಂಡು ಹುಕ್ಕೇರಿಗೇ ಹೊರಟಿತ್ತು. ನನ್ನ ಚಟ ಮೈಮೇಲೆ ಬಂತು. ಬದನೆಕಾಯಿ ಚೀಲಗಳ ಮೇಲೆ ಸೈಕಲ್ಲನ್ನು ಮಲಗಿಸಿ, ಹಗ್ಗ ಬಿಗಿದು, ಹುಕ್ಕೇರಿಯಲ್ಲಿರುವ ನನ್ನ ಹೆಂಡತಿಯ ತಮ್ಮ ಶಿವಪ್ಪನಿಗೆ ಇಳಿಸಿಕೊಳ್ಳಲು ಫೋನು ಮಾಡಿದೆ. ಸಂಜೆ ಆಕೆಯನ್ನು ಬಸ್ಸಿನಲ್ಲಿ ಆರಾಮಾಗಿ ಕಳಿಸಿದರಾಯಿತು ಎಂಬುದು ನನ್ನ ಯೋಜನೆ.

ಎದ್ದವಳು ಸೈಕಲ್ ಎಲ್ಲಿ ಎಂದು ಕೇಳಿದಳು. ಹುಕ್ಕೇರಿ ಮುಟ್ಟಿರಬೇಕು ಎಂದು ನಾನು ಎದೆಯುಬ್ಬಿಸಿ ಹೇಳಿದೆ, ಹೊಗಳಿಕೆಗೆ ಕಾದೆ. ಆಕೆ ಬೈಯಲಿಲ್ಲ, ಅಳಲಿಲ್ಲ. ಕಟ್ಟೆಯ ಮೇಲೆ ಕುಳಿತಳು. ಆಮೇಲೆ ಮೆಲ್ಲಗೆ ತಿಳಿಸಿ ಹೇಳಿದಳು. ಆಕೆಯ ವಾರ್ಡಿನಲ್ಲಿ ಸೊಂಟ ಮುರಿದುಕೊಂಡ ಮುದುಕ ಮುದುಕಿಯರೇ ಹೆಚ್ಚು. ಆಪರೇಷನ್ ಆದ ಮೇಲೆ ಅವರನ್ನು ಹಿಡಿದು ನಡೆಸುವುದು ಆಕೆಯ ಕೆಲಸ. "ಇನ್ನೊಂದು ಹೆಜ್ಜೆ ಅಂತ ದಿನಾ ಹೇಳ್ತೀನಿ ತಾತ. ಒಬ್ಬರು ಅಜ್ಜಿ, ನೀನು ಯಾವತ್ತಾದ್ರೂ ಇಷ್ಟು ಕಷ್ಟಪಟ್ಟಿದೀಯೇನೇ ಅಂತ ಕೇಳಿಬಿಟ್ರು. ಅದಕ್ಕೆ ಹೊರಟೆ. ಒಂದು ಮಾರು ದೂರಾನೂ ಗಾಡಿ ಹತ್ತಲ್ಲ ಅಂತ ಅವರಿಗೆ ಮಾತು ಕೊಟ್ಟಿದೀನಿ."

ಒಳಗಿನಿಂದ ಕೇಳಿಸಿಕೊಂಡ ಗಂಗವ್ವ ಹೊರಗೆ ಬಂದಳು. "ಹೆಜ್ಜಿಗೊಮ್ಮೆ ನೆಲಕ್ಕ ಬಿದ್ದು ಗುಡಿಗೆ ದೀಡ ನಮಸ್ಕಾರ ಹಾಕೊಂತ ಹೊಂಟಾಕಿನ್ನ ಎತ್ತಿ ಗಾಡ್ಯಾಗ ಕುಂದ್ರಿಸಿದಂಗಾತು ನಿಮ್ಮ ಉಪಕಾರ. ದೇವರಿಗೂ ಮುಟ್ಟಲಿಲ್ಲ, ಅಕಿಗೂ ಮುಟ್ಟಲಿಲ್ಲ," ಎಂದಳು.

ಟಂಟಂನವನಿಗೆ ಫೋನು ಮಾಡಿದರೆ ಅವನು ಸೈಕಲ್ ಇಳಿಸಿ ಸಂಕೇಶ್ವರದ ದಾರಿ ಹಿಡಿದಿದ್ದ. ಮರಳುವುದಕ್ಕೆ ಎರಡು ದಿನ. ಅಷ್ಟು ರಜೆ ಆಕೆಗೆ ಉಳಿದಿರಲಿಲ್ಲ, ಚೀಲ ಹೇರಿದ ಸೈಕಲ್ಲನ್ನು ಬಸ್ಸಿನವರು ಹತ್ತಿಸಿಕೊಳ್ಳುವುದೂ ಇಲ್ಲ. ಇಲ್ಲಿಂದ ಹುಕ್ಕೇರಿಯವರೆಗಿನ ದಾರಿ ತಪ್ಪಿದರೆ ಆಕೆಯ ಮಾತು ತಪ್ಪಿದಂತೆ. ಆಕೆಯ ಕಣ್ಣು ಗೋಡೆಗೆ ಒರಗಿಸಿದ್ದ ನನ್ನ ಹಳೆಯ ಸೈಕಲ್ಲಿನ ಮೇಲೆ ಬಿತ್ತು. ಅದಕ್ಕೆ ಗೇರಿಲ್ಲ, ಬೆಲ್ಲಿಲ್ಲ. ಹಾಲಿನ ಕ್ಯಾನು ತೂಗುಹಾಕುವ ಕೊಕ್ಕೆಗಳಿವೆ.

"ಸೈಕಲ್ ಯಾರದ್ದಾದ್ರೂ ಆಗಲಿ ತಾತ, ಕಾಲು ನಂದಾದ್ರೆ ಸಾಕು," ಎಂದಳು.

ಹಾಗಾದರೆ ನನ್ನ ಸೈಕಲ್ಲನ್ನು ಹುಕ್ಕೇರಿಯಿಂದ ಯಾರು ತರಬೇಕು ಎಂಬ ಪ್ರಶ್ನೆ ಎದ್ದಿತು. ಶಿವಪ್ಪ ಬಸ್ಸಿಗೆ ಹಾಕಿ ಕಳಿಸಲಿ ಎಂದೆ. ಗಂಗವ್ವ ಒಪ್ಪಲಿಲ್ಲ. "ನೀವೂ ಅಕಿ ಜೋಡಿ ತುಳೀರಿ, ಬರೂವಾಗ ಎರಡೂ ಸೈಕಲ್ ಬಸ್ಸಿನ ಮ್ಯಾಲ ಹಾಕ್ಕೊಂಡ ಬರ್ರಿ. ದಾರಿ ಎಷ್ಟ ಉದ್ದ ಐತಿ ಅಂತ ನಿಮ್ಮ ಕಾಲಿಗೂ ಗೊತ್ತಾಗ್ಲಿ," ಎಂದು ತೀರ್ಪು ಕೊಟ್ಟು ಬಾಜೂ ಮನೆಯಿಂದ ಸೈಕಲ್ ಕೇಳಿ ತಂದಳು. ಅದು ಆ ಮನೆಯ ಹುಡುಗಿಗೆ ಸಾಲೆಯಲ್ಲಿ ಕೊಟ್ಟದ್ದು, ಮುಂದೆ ಪುಟ್ಟ ಬುಟ್ಟಿ ಇತ್ತು. ಮರುದಿನ ಮುಂಜಾನೆ ಧೋತರ ಕಚ್ಚೆ ಹಾಕಿ, ತಲೆಗೆ ರುಮಾಲು ಸುತ್ತಿ, ಬುಟ್ಟಿಯಲ್ಲಿ ರೊಟ್ಟಿ ಗಂಟು ಇಟ್ಟುಕೊಂಡು ನಾನು ಹೊರಟಾಗ ಇಡೀ ಓಣಿ ಬಾಗಿಲಿಗೆ ಬಂದು ನಿಂತಿತ್ತು. ಯಾವ ಸಾಲಿಗೆ ಹೆಸರು ಹಚ್ಚೀರಿ ಕಾಕಾ ಎಂದು ಯಾರೋ ಕೇಳಿದರು. ನಾನು ಜೋರಾಗಿ ಪೆಡಲು ತುಳಿದೆ.

ಜೀವಮಾನವಿಡೀ ಜನರಿಗೆ ಚಹಾ ಕುಡಿಸಿದ್ದೇನೆ, ಅದನ್ನು ಕುಡಿಯುವವರ ಸಂಕಟ ನನಗೆ ಅಂದು ತಿಳಿಯಿತು. ಊರಿಗೊಂದು ಕಡೆ ಯಾರಾದರೂ ಕೈ ಅಡ್ಡ ಹಾಕುತ್ತಿದ್ದರು. ನಾನು ಒಲ್ಲೆ ಒಲ್ಲೆ ಎಂದು ಹತ್ತು ನಿಮಿಷ ಜಗ್ಗಾಡಿ ಕೊನೆಗೆ ತುಂಬಿದ ಕಪ್ಪನ್ನೇ ಕುಡಿಯುತ್ತಿದ್ದೆ. ಸುಮಾ ಬೀದರಿನಿಂದ ಕಲಿತು ಬಂದವಳು. "ಬೇಡ ಅನ್ನಬಾರದು ತಾತ, ಬೇಜಾರು ಮಾಡ್ಕೋತಾರೆ. ಅರ್ಧ ಕೊಡಿ ಅನ್ನಬೇಕು. ಹೇಗೂ ಮುಕ್ಕಾಲು ಬರುತ್ತೆ," ಎಂದಳು.

ಘಟಪ್ರಭಾ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಮೀನಖಂಡ ಕಲ್ಲಿನಂತೆ ಬಿಗಿದುಕೊಂಡಿತು. ಕಬ್ಬು ಕಡಿದ ಹೊಲದಲ್ಲಿ ಕುರುಬರು ಕುರಿ ನಿಲ್ಲಿಸಿದ್ದರು. ಆ ಗುಂಪಿನ ಹಿರಿಯ ಹೆಂಗಸು ನನ್ನನ್ನು ನೋಡಿದವಳೇ ಕಂಬಳಿ ಹಾಸಿ ಮಲಗಿಸಿ, ಮಜ್ಜಿಗೆ ಕೊಟ್ಟು, ನಾನು ಯಾರು, ಯಾವೂರು ಎಂದು ಕೇಳುವ ಮೊದಲೇ ಕಾಲಿಗೆ ಎಣ್ಣೆ ತಿಕ್ಕಿದಳು. ನನಗೆ ನನ್ನ ಅವ್ವ ನೆನಪಾದಳು. ಸುಮಾ ನರ್ಸಿನ ಕೈಯಿಂದ ಕಾಲು ಮಡಿಸಿ ಬಿಡಿಸಿ, ಇನ್ನು ಮೆಲ್ಲಗೆ ಹೋಗಬಹುದು ಎಂದಳು. ನಾನು ಎದ್ದೆ. ಆದರೆ ಅಷ್ಟರಲ್ಲಿ ಆ ಹೆಂಗಸಿನ ಗಂಡ ಹುಕ್ಕೇರಿಯ ಕಡೆ ಹೊರಟಿದ್ದ ಖಾಲಿ ಟ್ರ್ಯಾಕ್ಟರನ್ನು ನಿಲ್ಲಿಸಿ, ಬುಟ್ಟಿ ಸೈಕಲ್ಲನ್ನು ಟ್ರೇಲರಿಗೆ ಎತ್ತಿಯಾಗಿತ್ತು. ಬೇಡವೆಂದೆ. ನಾನು ತುಳಿಯಲೇಬೇಕು, ತಪ್ಪು ಮಾಡಿದ್ದೇನೆ ಎಂದೆ.

"ಸುಮ್ನ ಕುಂದರ್ರಿ ಹಿರ್ಯಾರ. ನಿಮ್ಮಂಥಾವ್ರಿಗೆ ಸೈಕಲ್ ತುಳಿಯಾಕ ಬಿಟ್ಟು ನಾವು ಕಣ್ಣ ಬಿಟ್ಕೊಂಡ ನೋಡ್ಕೊಂತ ನಿಂದರೂದ?" ಎಂದು ಆತ ನನ್ನ ಕಂಕುಳಿಗೆ ಕೈ ಹಾಕಿ ಎತ್ತಿದ.

ಅದು ನಾನೇ ಆಡುವಂಥ ಮಾತು. ಟ್ರೇಲರಿನಲ್ಲಿ ಕಬ್ಬಿನ ಸಿಪ್ಪೆಯ ಮೇಲೆ ಕುಳಿತು ನಾನು ಮೊದಲೇ ಹೊರಟಿದ್ದ ಸುಮಾಳನ್ನು ದಾಟಿ ಹೋದೆ. ಆಕೆ ನನ್ನ ಹಾಲಿನ ಸೈಕಲ್ಲಿನ ಮೇಲೆ ಏರು ಹತ್ತುತ್ತಿದ್ದಳು, ಬೆವರು ಸುರಿಯುತ್ತಿತ್ತು. ನಾನು ಎರಡೂ ಕೈ ಮುಗಿದೆ. ಆಕೆ ನಗುತ್ತಾ ಒಂದು ಕೈ ಬಿಟ್ಟು ಬೀಸಿದಳು.

ಹುಕ್ಕೇರಿಯಲ್ಲಿ ಶಿವಪ್ಪ ಸುಮ್ಮನೆ ಕುಳಿತಿರಲಿಲ್ಲ. ನಮ್ಮದು ಬೀಗತನವಷ್ಟೇ, ಆದರೂ ಗುಣ ಅಂಟುತ್ತದೆ. ಆಕೆಯ ಸೈಕಲ್ಲನ್ನು ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಹೆಣ್ಣುಮಗಳಿಗೆ ಎತ್ತರವಾದೀತೆಂದು ಸೀಟನ್ನು ಪೂರ್ತಿ ಕೆಳಗಿಳಿಸಿದ್ದ. ಎರಡು ತಾಸಿನ ಮೇಲೆ ಬಂದು ತಲುಪಿದ ಸುಮಾ ಚೀಲದಿಂದ ನಟ್ಟು ಬಿಚ್ಚುವ ಪಾನಾ ತೆಗೆದು ಸೀಟನ್ನು ಮೇಲೇರಿಸಿದಳು. ನಿಂಬೆಹಣ್ಣನ್ನು ಹಾಗೆಯೇ ಬಿಟ್ಟಳು. ಹೊರಡುವಾಗ ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. ಮೀನಖಂಡ ಇನ್ನೂ ಬಿಗಿದಿದೆಯೇ ಎಂದು ಅದೇ ನೆಪದಲ್ಲಿ ಒತ್ತಿ ನೋಡಿದಳು ಕೂಡ. "ನನ್ನ ದಾರಿ ಎಲ್ಲೂ ತುಂಡಾಗಿಲ್ಲ ತಾತ. ತುಂಡಾಗಿರೋದು ನಿಮ್ಮದು," ಎಂದಳು.

ಕೆಲವು ದಿನಗಳ ಮೇಲೆ ಕಾರವಾರದಿಂದ ಫೋನು ಬಂತು. ಗಂಗವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದು ಸಮುದ್ರದ ಸದ್ದು ಕೇಳಿದಳು. ನಮ್ಮ ಓಣಿಯವರಂತೂ ನಾನು ಹುಕ್ಕೇರಿಯವರೆಗೆ ಸೈಕಲ್ ಹೊಡೆದೆನೆಂದೇ ನಂಬಿದ್ದಾರೆ. ಆ ಸುಳ್ಳು ಹೊಗಳಿಕೆ ಹೊರಲಾರದೆ, ಉಳಿದ ದಾರಿಯನ್ನು ತುಳಿದೇ ಮುಗಿಸಬೇಕೆಂದು ಮೊನ್ನೆ ಮತ್ತೆ ಹೊರಟೆ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗಿ ಅಂದು ಟ್ರ್ಯಾಕ್ಟರ್ ಹತ್ತಿದ ಆ ಹೊಲದ ಬಳಿ ಇಳಿದು, ಪೆಡಲಿನ ಮೇಲೆ ಕಾಲಿಟ್ಟಿದ್ದೆ ಅಷ್ಟೇ. ಎದುರಿನಿಂದ ಬಂದ ಹಾಲಿನ ಗಾಡಿ ನಿಂತಿತು. ಅದನ್ನು ನಡೆಸುತ್ತಿದ್ದವನು ಈ ವಯಸ್ಸಿನಲ್ಲಿ ಈ ಬಿಸಿಲಿನಲ್ಲಿ ಎಲ್ಲಿಗೆ ಎಂದು ಗದರಿಸಿ, ಯಾವೂರು ಎಂದಷ್ಟೇ ಕೇಳಿ, ಸೈಕಲ್ಲನ್ನು ಕ್ಯಾನುಗಳ ನಡುವೆ ಮಲಗಿಸಿ, ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸೀದಾ ತಂದು ನಾಗನೂರಿನ ನಮ್ಮ ಬಾಗಿಲಿಗೆ ಇಳಿಸಿದ. ಮನಸ್ಸಿನಲ್ಲಿ ಆ ಪುಣ್ಯಾತ್ಮನನ್ನು ನಾನು ಬೈದಷ್ಟು ಬೇರೆ ಯಾರನ್ನೂ ಬೈದಿಲ್ಲ. ಬಾಯಿಯಿಂದ ಮಾತ್ರ, ಊಟ ಮಾಡ್ಕೊಂಡ ಹೋಗ್ರಿ ಎಂಬ ಮಾತು ಬಂತು. ಹಾಲು ಕೆಡುತ್ತದೆ, ತಡವಾಗಿದೆ ಎಂದು ಆತ ಕೈ ಮುಗಿದ. ನಾನು ಬಿಡಲಿಲ್ಲ.