ಮಾವ ಹೂತುಹಾಕಿದ ನನ್ನ ಹಂಡೆ

ನನ್ನ ಸೋದರಮಾವ ಕಳ್ಳ. ಯಾರು ಬೇಕಾದರೂ ಕೇಳಲಿ, ಚಾವಡಿಯಲ್ಲಿ ನಿಂತು ಹೇಳುತ್ತೇನೆ! ನನ್ನ ಮದುವೆಗೆಂದು ಅಜ್ಜಿ ಎತ್ತಿಟ್ಟಿದ್ದ ತಾಮ್ರದ ಹಂಡೆಯನ್ನು ಆತ ಕದ್ದ. ಕದ್ದು ಮಾರಿ ತಿಂದಿದ್ದರೆ ಕ್ಷಮಿಸುತ್ತಿದ್ದೆ. ಬಡಿದು ತಗಡು ಮಾಡಿ ಮಣ್ಣಲ್ಲಿ ಹೂತ! ಇಂಥ ಕಳ್ಳನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಆಗ ನಿಜಾಮನ ಆಳ್ವಿಕೆ ಹೋಗಿ ಕನ್ನಡ ನಾಡು ಒಂದಾದ ಹೊಸತು. ಯಾದಗಿರಿಯ ಹತ್ತಿ ಗಿರಣಿಗೆ ಕರೆಂಟು ಬಂದಿತ್ತು. ಮಾವ ಅಲ್ಲಿ ಮಿಸ್ತ್ರಿ. ಅವ್ವ ಅಲ್ಲೇ ಹತ್ತಿ ಆರಿಸುವ ಕೂಲಿಗೆ ಹೋಗುತ್ತಿದ್ದಳು. ಕರೆಂಟು ಬಂದದ್ದೇ ಬಂದದ್ದು, ಮಾವನಿಗೆ ಅರ್ಥಿಂಗ್ ಹುಚ್ಚು ಹಿಡಿಯಿತು. ಕಬ್ಬಿಣದ ಕಂಬ, ತೊಲೆ ಎಲ್ಲವನ್ನೂ ತಂತಿಯಿಂದ ಒಂದಕ್ಕೊಂದು ಬಿಗಿದು ನೆಲಕ್ಕೆ ಜೋಡಿಸಬೇಕಂತೆ. ದಾರಿ ತಪ್ಪಿದ ಕರೆಂಟು ಮುಟ್ಟಿದವರ ಮೈಗೆ ಹರಿಯದೆ ಮಣ್ಣಿಗೆ ಹೋಗಬೇಕಂತೆ.

"ನಾಡೇ ಒಂದಾಗ್ಯದ, ಈ ಕಂಬ ಯಾಕ ಬ್ಯಾರೆ ಬ್ಯಾರೆ ನಿಂತಾವ?" ಎಂದು ಗಿರಣಿ ಸಾಹುಕಾರನ ತಲೆ ತಿನ್ನುತ್ತಿದ್ದ.

ಈತನಿಗೆ ಹೆಣ್ಣು ನೋಡಲು ಶಹಾಪುರಕ್ಕೆ ಹೋದೆವು. ಹುಡುಗಿ ಚಹಾ ತಂದಿಟ್ಟಳು. ಆತ ಅವಳ ಮುಖ ನೋಡಬೇಕೋ ಬೇಡವೋ? ಪಡಸಾಲೆಯ ಕಬ್ಬಿಣದ ಕಂಬ ತಟ್ಟಿ ನೋಡಿದ!

"ಇದಕ್ಕ ಅರ್ಥಿಂಗ್ ಮಾಡ್ಸೀರೇನ್ರಿ?"

"ನಮ್ಮ ಮನಿಗಿ ಕರೆಂಟೇ ಬಂದಿಲ್ರಿ!" ಎಂದರು ಹುಡುಗಿಯ ಅಪ್ಪ.

"ನಾಳಿ ಬಂದ್ರ?"

ಚಹಾ ಆರುವ ಮೊದಲೇ ಸಂಬಂಧ ಮುರಿಯಿತು.

ತನ್ನ ಮದುವೆ ಕೆಡಿಸಿಕೊಂಡದ್ದು ಸಾಲದೆಂದು ನನ್ನದಕ್ಕೂ ಕೈ ಹಾಕಿದ. ಸುರಪುರದ ಬೀಗರಿಗೆ ಹಂಡೆ ಕೊಡುವ ಮಾತಾಗಿತ್ತು. ನೋಡಿದರೆ ಬಚ್ಚಲು ಖಾಲಿ! ಉರಿಯುವ ಬಿಸಿಲಲ್ಲಿ ಗಿರಣಿಗೆ ಓಡಿದೆ. ಮಾವ ಒಂದು ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಮೇಲೆ ನೀರು ಸುರಿಯುತ್ತಿದ್ದ. ಆ ಉಪ್ಪೂ ನಮ್ಮ ಅಡುಗೆಮನೆಯದೇ!

"ಮಾಮಾ, ನನ್ನ ಹಂಡೇ ಎಲ್ಲಿ?"

"ಇಲ್ಲೇ ಅದ, ಕೆಳಗ. ಕರೆಂಟು ಮಣ್ಣಿಗಿ ಇಳಿಯಾಕ ಭಾಳ ಚೊಲೋ ತಾಮ್ರ ನೋಡು."

"ಸಾಹುಕಾರನ್ನ ಕೇಳಾಕ ಬಾಯಿ ಇದ್ದಿಲ್ಲೇನು ನಿನಗ?"

"ಕೇಳೀನಿ. ಮುಂದಿನ ಸುಗ್ಗಿಗಿ ನೋಡೂಣು ಅಂದಾನ."

"ನೀನೂ ಸುಗ್ಗಿ ತನಕ ತಡೀಬೇಕಿತ್ತು! ನನ್ನ ಮದವಿ ಹೆಂಗ?"

ಆತ ಕೊಡ ಕೆಳಗಿಟ್ಟು ಶೆಡ್ಡಿನ ಕಡೆ ನೋಡಿದ. ಊಟದ ಹೊತ್ತು. ಅವ್ವ ಕಬ್ಬಿಣದ ಕಂಬಕ್ಕೆ ಒರಗಿ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು.

"ದಿನಾ ಅದೇ ಕಂಬಕ್ಕ ಬೆನ್ನ ಹಚ್ಚಿ ಕುಂದರ್ತಾಳ ನಿಮ್ಮವ್ವ," ಎಂದ. "ಹಂಡೇ ಇಲ್ದ ಮದವಿ ಆಗ್ತದ, ಅವ್ವ ಇಲ್ದ..."

ಕೊಡ ಎತ್ತಿಕೊಂಡು ಮತ್ತೆ ನೀರಿಗೆ ಹೋದ.

ಮಾವನನ್ನು ನಾನು ಈಗಲೂ ಕಳ್ಳ ಎಂದೇ ಕರೆಯುತ್ತೇನೆ. ಮದುವೆಯ ದಿನ ಬೀಗರು ಮುಖ ತಿರುವಿದರು. ಮಣ್ಣಿನ ಗಡಿಗೆಗಳಲ್ಲಿ ನೀರು ಕಾಯಿಸಬೇಕಾಯಿತು. ಆ ಬಿಸಿನೀರನ್ನು ತಂಬಿಗೆಯಲ್ಲಿ ಎತ್ತಿ ಅವ್ವ ನನ್ನ ನೆತ್ತಿಯ ಮೇಲೆ ಹೊಯ್ದಳು. ನಾನು ಅವಳ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟೆ.