ನೂರಕ್ಕೊಂದು ಕಾಯಿ

ನಮ್ಮ ಸೋದರಮಾವನ ತಲೆಗೆ ವೈರಿಂಗ್ ಮಾಡಿದವನು ಯಾರೋ, ಸಿಕ್ಕಿದ್ರೆ ಅವನ ಲೈಸೆನ್ಸ್ ಕಿತ್ಕೋಬೇಕು! ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು, ಗುಬ್ಬಿ ಸುತ್ತಮುತ್ತ ಎಷ್ಟೋ ಮನೆಗೆ ವೈರ್ ಎಳೆದವನು ನಾನು. ಒಂದು ಮನೆಯಲ್ಲೂ ಅಡುಗೆಮನೆ ಸ್ವಿಚ್ ಒತ್ತಿದ್ರೆ ಬಚ್ಚಲುಮನೆ ಬಲ್ಬು ಹತ್ತಿಲ್ಲ. ಮಾವನ ತಲೆಯಲ್ಲಿ ಹತ್ತುತ್ತೆ. ಕೈ ಆಡದಿದ್ರೆ ಬಾಯಿಗೆ ಲೆಕ್ಕವೇ ಬರಲ್ಲ!

ಚೇಳೂರಿನ ತೋಟದಲ್ಲಿ ತೆಂಗಿನಕಾಯಿ ಎಣಿಸಿ ಎಣಿಸಿ ಅಂಟಿಕೊಂಡದ್ದಿದು. ಒಂದೊಂದೇ ಕಾಯಿ ಎತ್ತಿ ಆಚೆ ಎಸೀತಾ ಎಣಿಸೋದು. ನೂರಾದ ತಕ್ಷಣ ಗುರುತಿಗೆ ಒಂದು ಕಾಯಿ ಅತ್ತೆಯ ಮಡಿಲಿಗೆ. “ಗೌರೀ, ಇಟ್ಕೋ!” ಅಂತ ಮಾವ ಕೂಗಬೇಕು, “ಇಟ್ಕೊಂಡೆ” ಅಂತ ಅತ್ತೆ ಸಿಡುಕಬೇಕು. ಮಿಕ್ಕ ಹೊತ್ತಲ್ಲಿ ಅತ್ತೆಗೆ ಹೆಸರೇ ಇಲ್ಲ, ಬರೀ “ಲೇ”.

ಗುಬ್ಬಿಯ ಮೊಬೈಲ್ ಅಂಗಡಿಯವನು “ನಂಬರ್ ಹೇಳಿ ಯಜಮಾನ್ರೇ” ಅಂದ. ಮಾವ ಅಂಕಿಗೊಂದು ಸಲ ಕೈ ಬೀಸಿದ. ನಾಲ್ಕನೇ ಅಂಕಿಗೆ ಪಕ್ಕದವನ ಕನ್ನಡಕ ನೆಲಕ್ಕೆ!

ಯಡಿಯೂರಿನ ಮದುವೆಯಲ್ಲಿ ಪಂಕ್ತಿ ಎಣಿಸೋಕೆ ಇವನನ್ನೇ ಬಿಡೋದೇ? ಕೈ ಬೀಸ್ತಾ ಬಂದ, ನೂರನೇ ಎಲೆಗೆ “ಗೌರೀ, ಇಟ್ಕೋ!” ಅಂತ ಕಿರುಚಿದ. ಹೆಂಗಸರ ಸಾಲಲ್ಲಿ ಹೋಳಿಗೆ ತಿಂತಿದ್ದ ಅತ್ತೆ ಎದ್ದು ಸೆರಗು ಒಡ್ಡೇಬಿಟ್ಟಳು! ಆಮೇಲೆ, “ಮಾನ ಕಳೀಬೇಡ್ರೀ, ನಿಮ್ ದಮ್ಮಯ್ಯ” ಅಂತ ಬೈದಳು.

ಹೋದ ವರ್ಷ ಮಾವನಿಗೆ ಲಕ್ವ ಹೊಡೀತು. ತುಮಕೂರಿನ ಆಸ್ಪತ್ರೆಗೆ ಸೇರಿಸಿದ್ವಿ. ಬಲಗೈ ಬಿದ್ದುಹೋಯ್ತು, ಮಾತು ನಿಂತಿತು.

“ಮಾತಿನ ದಾರಿ ಕೆಟ್ಟಿದೆ. ರೂಢಿಯಾದ ಮಾತು ಕೆಲವರಿಗೆ ಬೇರೆ ದಾರಿಯಿಂದ ಬರುತ್ತೆ. ಕಾಯೋಣ” ಅಂದರು ಡಾಕ್ಟರು.

“ನನ್ ಗುರುತಾದ್ರೂ ಐತೇನೋ?” ಅಂದಳು ಅತ್ತೆ. “ಹತ್ತು ದಿನ ಆಯ್ತು, ‘ಲೇ’ ಅಂತಾನೂ ಅಂದಿಲ್ಲ ಕಣೋ.”

ಕಾಯೋದಾ? ಕರೆಂಟಿನ ಒಂದು ಫೇಸ್ ಹೋದ್ರೆ ನಾವೇನು ಕೈ ಕಟ್ಕೊಂಡು ಕೂರ್ತೀವಾ? ಇನ್ನೊಂದರಿಂದ ಲೈನ್ ಎಳೀತೀವಿ! ಮಾರನೇ ದಿನ ಚೀಲದಲ್ಲಿ ನಾಲ್ಕು ತೆಂಗಿನಕಾಯಿ ತಂದೆ.

“ಏನ್ರೀ ಇದು, ಆಸ್ಪತ್ರೆನಾ, ಕಾಯಿ ಮಂಡಿನಾ?” ಅಂದಳು ನರ್ಸಮ್ಮ.

“ಟ್ರೀಟ್‌ಮೆಂಟು ಸಿಸ್ಟರ್” ಅಂದೆ.

ಮಾವನ ಎಡಗೈಗೆ ಒಂದು ಕಾಯಿ ಇಟ್ಟೆ. ಸುಮ್ಮನೆ ನೋಡಿದ. ಆಮೇಲೆ ಎಸೆದ. ನಾನು ಹಿಡಿದೆ, ಇನ್ನೊಂದು ಕೊಟ್ಟೆ. ನಾಲ್ಕೇ ಕಾಯಿ, ಸುತ್ತಿ ಸುತ್ತಿ ಅವೇ. ತುಟಿ ಅಲ್ಲಾಡಿತು. ಹನ್ನೊಂದನೇ ಕಾಯಿಗೆ, ತೊದಲಾದ್ರೂ, “ಹನ್ನೊಂದು” ಅಂದ! ಡಾಕ್ಟರು ಬಂದು ಬಾಗಿಲಲ್ಲೇ ನಿಂತರು. ಎಂಟನೇ ಕ್ಲಾಸು ಸ್ವಾಮಿ, ಎಂಟನೇ ಕ್ಲಾಸು! ಐವತ್ತು ಆಯ್ತು, ಎಂಬತ್ತು ಆಯ್ತು, ನನ್ನ ರಟ್ಟೆ ಬಿದ್ದುಹೋಯ್ತು.

ನೂರು.

ಮಾವ ಕಾಯಿ ಎಸೆಯಲಿಲ್ಲ. ಕೈಯಲ್ಲೇ ಹಿಡಿದು ಮಂಚದ ಆ ಕಡೆಗೆ ತಿರುಗಿದ.

“ಗೌರೀ... ಇಟ್ಕೋ.”

ಅತ್ತೆ ಸೆರಗು ಒಡ್ಡಿದಳು. ಈ ಸಲ ಸಿಡುಕಲಿಲ್ಲ.

“ಇಟ್ಕೊಂಡೆ ಕಣ್ರೀ” ಅಂದಳು. “ಇನ್ನೊಂದು ನೂರು ಎಣಿಸಿ.”