ಅತ್ತಿಗೆಯ ಜಾವಾ, ನನ್ನ ಎಡಮಂಡಿ

‘ಲ್ಯಾಂಬ್ಡಾ’, ಅಂದರೆ ಹೆಸರಿಡದೆ ನೇರವಾಗಿ ಕೈಗೊಪ್ಪಿಸುವ ಪುಟ್ಟ ಕಾರ್ಯಗಳು, ಜಾವಾ ಎಂಬ ಕಂಪ್ಯೂಟರ್ ಭಾಷೆಯನ್ನು ಪ್ರವೇಶಿಸಿದ್ದು ೨೦೧೪ರ ಮಾರ್ಚ್ ೧೮ರಂದು. ಆಕರ: ಆ ಭಾಷೆಯ ಎಂಟನೆಯ ಆವೃತ್ತಿಯ ಬಿಡುಗಡೆ ಟಿಪ್ಪಣಿ. ಎರಡು ಕಡೆ ತಾಳೆ ನೋಡಿದ್ದೇನೆ. ಅದಕ್ಕೆ ಎಷ್ಟೋ ವರ್ಷ ಮೊದಲೇ ನನ್ನ ಅತ್ತಿಗೆ ಅವನ್ನು ಹೂಟಗಳ್ಳಿಯ ನಮ್ಮ ಮನೆಯಲ್ಲಿ ಜಾರಿಗೆ ತಂದಿದ್ದರು ಎಂದರೆ ನಂಬುತ್ತೀರಾ? ನಂಬಬೇಡಿ. ಆಕರವಿಲ್ಲದ ಮಾತನ್ನು ನಂಬಬಾರದೆಂದು ಸೇವಾವಧಿಯುದ್ದಕ್ಕೂ ಬೋಧಿಸಿದವನು ನಾನೇ. ಆದರೂ ಇದು ನಿಜ!

ಅತ್ತಿಗೆ ಪಾಲಿಟೆಕ್ನಿಕ್ಕಿನಲ್ಲಿ ಪ್ರೋಗ್ರಾಮಿಂಗ್ ಕಲಿಸಿ ನಿವೃತ್ತರಾದವರು. ನಾನು ಇತಿಹಾಸ ಸಂಶೋಧಕನಾಗಿ, ಕೈಫಿಯತ್ತು ಎಂಬ ಹಳೆಯ ಊರವೃತ್ತಾಂತ, ಕಡತ, ದಫ್ತರಗಳ ಧೂಳಿನಲ್ಲಿ ಸೀನುತ್ತಲೇ ನಿವೃತ್ತನಾದವನು. ಮನೆಯ ಕೆಳಗಿನ ಭಾಗದಲ್ಲಿ ಅಣ್ಣ, ಅತ್ತಿಗೆ. ಮೇಲೆ ನಾನು ಮತ್ತು ನನ್ನ ರಟ್ಟಿನ ಪೆಟ್ಟಿಗೆಗಳು.

ಅತ್ತಿಗೆ ಯಾರಿಗೂ ಯಾವ ಕೆಲಸದ ಹೆಸರನ್ನೂ ಹೇಳುವುದಿಲ್ಲ. ಕೆಲಸವನ್ನೇ ಕೈಗೆ ಕೊಟ್ಟುಬಿಡುತ್ತಾರೆ. ಒಮ್ಮೆ ಮಾತ್ರ ಮಾಡುವ ಕೆಲಸಕ್ಕೆ ನಾಮಕರಣದ ದಂಡವೇಕೆ ಎಂಬುದು ಅವರ ವಾದ. ಲ್ಯಾಂಬ್ಡಾದ ವಾದವೂ ಅದೇ ಅಂತೆ. ಒಂದು ಬೆಳಿಗ್ಗೆ ನಾನು ಕೈಚೀಲ ಹಿಡಿದು ಹೊರಟಾಗ ಒಳಗಿನಿಂದಲೇ ಕೂಗಿದರು.

“ಪಂಡಿತ್ರೇ, ತಟ್ಟಿ ನೋಡಿ. ಟಣ್ ಅಂದ್ರೆ ತನ್ನಿ, ಇಲ್ದಿದ್ರೆ ಬುಡಿ!”

“ಏನನ್ನು ಅತ್ತಿಗೆ?”

“ಅಂಗಡಿ ಮುಂದೆ ನಿಂತ್ರೆ ತಾನೇ ಗೊತ್ತಾಗತ್ತೆ ಕಣ್ರೀ. ಸಂದರ್ಭ ನೋಡಿ ಅರ್ಥ ಮಾಡ್ಕೊಳ್ಳೋದು ಕಂಪೈಲರ್‌ಗೇ ಬರತ್ತೆ, ನಿಮಗೆ ಬರಲ್ವಾ?”

ಕಂಪೈಲರ್ ಎಂದರೆ ನಾವು ಬರೆದ ಪ್ರೋಗ್ರಾಮನ್ನು ಅದು ಓಡುವ ಮುನ್ನವೇ ಪರೀಕ್ಷಿಸಿ, ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ಗುಮಾಸ್ತ. ಅದಕ್ಕೆ ಬರುವುದು ನನಗೆ ಬರದೇ? ಸಂಶೋಧಕನಿಗೆ ಪೂರ್ವಗ್ರಹ ಸಲ್ಲದಾದ್ದರಿಂದ ಅಂಗಡಿಯಲ್ಲಿದ್ದುದನ್ನೆಲ್ಲ ಕ್ರಮವಾಗಿ ತಟ್ಟುತ್ತ ಬಂದೆ.

“ಸ್ವಾಮೀ, ಬದ್ನೇಕಾಯ್ ಯಾಕ್ ಬಾರಿಸ್ತಾ ಇದ್ದೀರಾ? ಇವತ್ತು ಕಚೇರಿ ಐತಾ?” ಎಂದ ಅಂಗಡಿಯವನು.

ಟಣ್ ಎಂದದ್ದು ಒಂದು ಕಲ್ಲಂಗಡಿ ಮಾತ್ರ. ಹೊತ್ತು ತಂದೆ. ಅತ್ತಿಗೆಗೆ ಬೇಕಾಗಿದ್ದುದು, ಅಂದು ಅಂಗಡಿಯಲ್ಲಿ ಮುಗಿದುಹೋಗಿದ್ದ, ಚಟ್ನಿಯ ತೆಂಗಿನಕಾಯಿ! ಅಂದು ಇಡ್ಲಿಗೆ ನಾವು ಕಲ್ಲಂಗಡಿ ನೆಂಚಿಕೊಂಡೆವು.

ಇದಕ್ಕಿಂತ ವಿಚಿತ್ರವಾದದ್ದು ಅವರ ಅಡುಗೆಮನೆಯ ಡಬ್ಬಗಳ ಪದ್ಧತಿ. ಸಾಮಾನು ತುಂಬುವಾಗ ಪ್ರತಿ ಡಬ್ಬಕ್ಕೂ ಚೀಟಿ ಅಂಟಿಸುತ್ತಾರೆ. ತೊಗರಿಯೊಳಗೆ ಒಂದು ಕಡಲೆ ನುಸುಳಿದರೂ ಕೂಗಾಡುತ್ತಾರೆ. ತುಂಬಿ ಮುಗಿದೊಡನೆ ಚೀಟಿಗಳನ್ನೆಲ್ಲ ಕಿತ್ತೆಸೆಯುತ್ತಾರೆ!

“ತುಂಬೋವಾಗ್ಲೇ ನೋಡಿ ತುಂಬಿದ್ದೀನಲ್ಲ, ಆಮೇಲ್ಯಾಕೆ ಚೀಟಿ? ಪ್ರೋಗ್ರಾಮ್ ಓಡೋವಾಗ ಎಲ್ಲಾ ಬರೀ ಡಬ್ಬಗಳೇ ಪಂಡಿತ್ರೇ.”

ಜಾವಾದಲ್ಲಿ ಇದಕ್ಕೆ ‘ಟೈಪ್ ಎರೇಷರ್’ ಎನ್ನುತ್ತಾರಂತೆ. ಇಂಥ ವಸ್ತುವಿಗೆ ಇಂಥ ಡಬ್ಬ ಎಂದು ಬರೆದಿಟ್ಟರೆ ಕಂಪೈಲರ್ ಪರೀಕ್ಷಿಸುತ್ತದೆ, ಒಪ್ಪಿಗೆಯಾದರೆ ಆ ಬರಹವನ್ನು ಅಳಿಸಿಬಿಡುತ್ತದೆ. ಬಂದದ್ದು ಐದನೆಯ ಆವೃತ್ತಿಯೊಂದಿಗೆ, ೨೦೦೪ರ ಸೆಪ್ಟೆಂಬರ್ ೩೦ರಂದು. ಇದನ್ನೂ ತಾಳೆ ನೋಡಿದ್ದೇನೆ. ನೋಡಬೇಕಾದ ಬೇರೊಂದನ್ನು ಮಾತ್ರ ನೋಡಲಿಲ್ಲ.

ಆ ದಿನಗಳಲ್ಲಿ ಗ್ರಂಥಾಲಯವೊಂದು ನನ್ನ ಟಿಪ್ಪಣಿ ಕಾರ್ಡುಗಳನ್ನೆಲ್ಲ ಸ್ವೀಕರಿಸಲು ಒಪ್ಪಿತ್ತು. ಷರತ್ತು ಒಂದೇ: ಪ್ರತಿ ಕಾರ್ಡಿಗೂ ಆಕರ ಹೇಳಬೇಕು. ಜೀವಮಾನದ ದುಡಿಮೆಗೆ ಒಂದು ಕಪಾಟು ದೊರೆಯುವುದು ಅಲ್ಪ ಭಾಗ್ಯವೇ? ಆದರೆ ಊರಿಗೆಲ್ಲ ಆಕರದ ಪಾಠ ಹೇಳಿದ ಈ ಮಹಾಶಯ, ಸೋಮಾರಿತನದಿಂದ, ಆಕರವನ್ನು ಕಾರ್ಡುಗಳ ಮೇಲೆ ಬರೆದಿರಲಿಲ್ಲ. ಪೆಟ್ಟಿಗೆಯ ಮೇಲೆ ಒಂದೇ ಒಂದು ಚೀಟಿ ಅಂಟಿಸಿದ್ದ. ಅರಮನೆಯ ಕಡತ, ಗ್ರಾಮಗಳ ಕೈಫಿಯತ್ತು, ನನ್ನ ಸ್ವಂತ ದಿನಚರಿ: ಎಲ್ಲವೂ ಒಂದೇ ಅಳತೆಯ ಕಾರ್ಡಿನಲ್ಲಿ, ಒಂದೇ ಕೈಬರಹದಲ್ಲಿ.

ಅತ್ತಿಗೆಯ ಪಾಠ ತಲೆಗೇರಿತ್ತಲ್ಲ! ಒಂದು ಮಧ್ಯಾಹ್ನ ಪೆಟ್ಟಿಗೆಗಳನ್ನೆಲ್ಲ ಪರೀಕ್ಷಿಸಿ, ಸಮಾಧಾನಗೊಂಡು, ಚೀಟಿಗಳನ್ನು ಒಂದೊಂದಾಗಿ ಕಿತ್ತುಹಾಕಿದೆ. ಮರುವಾರ ಸುಣ್ಣ ಬಳಿಯುವವರು ಬಂದು ಪೆಟ್ಟಿಗೆಗಳನ್ನು ಅಂಗಳಕ್ಕಿಳಿಸಿ, ಎರಡನ್ನು ಬೀಳಿಸಿ, ತಮಗೆ ತೋಚಿದಂತೆ ತುಂಬಿ ಮತ್ತೆ ಮೇಲೇರಿಸಿದರು. ಆಗ ನಾನು ಹೆಮ್ಮೆಯಿಂದ ನನ್ನ ಸಾಧನೆಯನ್ನು ಅತ್ತಿಗೆಗೆ ನಿವೇದಿಸಿದೆ.

“ಅಯ್ಯಯ್ಯೋ, ಏನ್ ಮಾಡ್ಬುಟ್ರಿ! ಕಂಪೈಲರ್ ಅಳಿಸಿದ್ರೂ ನಾವು ಬರೆದ ಮೂಲಪ್ರತಿ ಹಾಗೇ ಇರತ್ತೆ ಕಣ್ರೀ. ಡಬ್ಬದಿಂದ ತೆಗೆಯೋವಾಗ ಇದು ಅದೇನಾ ಅಂತ ಕೇಳೋ ಸಾಲನ್ನೂ ಅದೇ ಸೇರಿಸಿಟ್ಟಿರತ್ತೆ. ನಿಮ್ಮ ಮೂಲಪ್ರತಿ ಎಲ್ಲಿದೆ?”

“ನನ್ನ ತಲೆಯಲ್ಲಿ” ಎಂದೆ ಗಂಭೀರವಾಗಿ.

“ಅದಕ್ಕೆ ಬ್ಯಾಕಪ್ ಇಲ್ವಲ್ಲ!”

ಅವರ ಮಾತಿಗೆ ಸಾಕ್ಷ್ಯ ಬೇಗನೆ ಒದಗಿತು. ನಮ್ಮ ಬಡಾವಣೆಯ ಹಿರಿಯರ ಸಂಘದಲ್ಲಿ ‘ಅರಮನೆಯ ಅಧಿಕಾರಿಗಳ ದೈವಭಕ್ತಿ’ ಎಂಬ ವಿಷಯವಾಗಿ ನನ್ನ ಉಪನ್ಯಾಸವಿತ್ತು. ಅರಮನೆಯ ಪೆಟ್ಟಿಗೆಯೆಂದು ನಂಬಿ ತೆಗೆದ ಕಾರ್ಡೊಂದನ್ನು ಕಂಚಿನ ಕಂಠದಲ್ಲಿ ಓದಿದೆ: “ಆಷಾಢ ಶುಕ್ರವಾರ. ಮೆಟ್ಟಿಲ ಮಾರ್ಗವಾಗಿ ಚಾಮುಂಡಿ ಬೆಟ್ಟ ಏರಿದ್ದಾಯಿತು. ಇಳಿಯುವಾಗ ಎಡಮಂಡಿಗೆ ವಿಪರೀತ ಬಾಧೆ.” ಹೆಸರನ್ನೂ ಹೇಳಿಕೊಳ್ಳದ ಆ ಅಧಿಕಾರಿಯ ವಿನಯವನ್ನು ಕಾಲು ಗಂಟೆ ಕೊಂಡಾಡಿದೆ. ಕೆಲವರು ಕಣ್ಣೊರೆಸಿಕೊಂಡರು.

ಮುಂದಿನ ಸಾಲಿನಿಂದ ಅತ್ತಿಗೆ ಎದ್ದು ನಿಂತರು. “ಒಂದು ಅನುಮಾನ ಪಂಡಿತ್ರೇ. ಆ ಎಡಮಂಡಿಗೆ ಎಣ್ಣೆ ಕಾಯಿಸಿಕೊಟ್ಟಿದ್ದು ನಾನೇ ಅಲ್ವಾ?”

ಸಭೆಯ ನಗು ನಿಲ್ಲುವವರೆಗೆ ನಾನು ನೀರು ಕುಡಿದೆ.

ಅಂದು ನಾನು ಗ್ರಂಥಾಲಯದ ಆಸೆ ಬಿಟ್ಟೆ. ಯಾವುದು ಇತಿಹಾಸ, ಯಾವುದು ನನ್ನ ಮಂಡಿನೋವು ಎಂದು ತಿಳಿಯದ ರಾಶಿಗೆ ಯಾರು ಕಪಾಟು ಕೊಡುತ್ತಾರೆ? ಆದರೆ ಮರುದಿನ ಊಟವಾದೊಡನೆ ಅತ್ತಿಗೆ ಮಹಡಿ ಹತ್ತಿ ಬಂದು, ಚಾಪೆ ಹಾಸಿ ಕುಳಿತೇಬಿಟ್ಟರು. “ಓದಿ. ಕಂದಾಯ ಬಂದ್ರೆ ಎಡಕ್ಕೆ, ಕೆರೆ ಬಂದ್ರೆ ಬಲಕ್ಕೆ, ಕಾಫಿ ಬಂದ್ರೆ ನಿಮ್ಮದು.” ಹೀಗೆ ಕಾರ್ಡು ವಿಂಗಡಿಸುತ್ತ, ಹಿಂಬದಿಯಲ್ಲಿ ಆಕರ ಬರೆಯುತ್ತ ಮೂರು ತಿಂಗಳು, ಒಂದು ಮಧ್ಯಾಹ್ನವೂ ತಪ್ಪದೆ.

ಕೊನೆಯ ಪೆಟ್ಟಿಗೆಯಲ್ಲಿ ಅವರು ಒಂದು ಕಾರ್ಡನ್ನು ಓದಿ, ಸದ್ದಿಲ್ಲದೆ ಚಾಪೆಯ ಅಡಿಗೆ ಸರಿಸಿದರು. ನಾನು ಎಳೆದು ನೋಡಿದೆ: “ಅತ್ತಿಗೆ ಕಂಪ್ಯೂಟರ್ ಓದಲು ಹೊರಟಿದ್ದಾರೆ. ಮನೆ ನಡೆಯುವುದು ಹೇಗೆ? ಕೂಡದೆಂದು ಅಣ್ಣನಿಗೆ ಖಂಡಿತವಾಗಿ ಹೇಳಿದೆ.”

ನನ್ನದೇ ಅಕ್ಷರ! ಆದರೆ ಪ್ರತಿ ಹಬ್ಬದೂಟದಲ್ಲೂ ನಾನು ಹೇಳುತ್ತ ಬಂದಿರುವ ವೃತ್ತಾಂತವೇ ಬೇರೆ: ಮನೆಯವರೆಲ್ಲ ಹಿಂಜರಿದಾಗ ಅತ್ತಿಗೆಯ ಬೆನ್ನಿಗೆ ನಿಂತವನು ನಾನೊಬ್ಬನೇ, ಅರ್ಜಿ ಬರೆದುಕೊಟ್ಟವನೂ ನಾನೇ. ಸುಳ್ಳೆಂದು ತಿಳಿದು ಹೇಳಿದ್ದಲ್ಲ. ಅರ್ಜಿಯ ಕಾಗದದ ಬಣ್ಣ ಕೂಡ ನನಗೆ ನೆನಪಿತ್ತು.

“ನಿಮಗೆ ಇದು ಗೊತ್ತಿತ್ತೇ ಅತ್ತಿಗೆ?”

“ಅವತ್ತೇ. ನಾನು ಅಡುಗೆಮನೇಲಿದ್ದೆ, ಕೇಳಿಸ್ತು.”

“ಮತ್ತೆ ಇಷ್ಟು ವರ್ಷ ಒಂದು ಮಾತೂ ಆಡಲಿಲ್ಲ?”

“ನಾನು ಓದಿದ್ದು ನಿಮಗೆ ಹೆಮ್ಮೆ ಆದ್ಮೇಲೆ ತಾನೇ ನೀವು ಆ ಕಥೆ ಕಟ್ಕೊಂಡಿದ್ದು? ನನಗೆ ಅಷ್ಟು ಸಾಕಾಗಿತ್ತು ಕಣ್ರೀ. ಹರಿದುಬುಡಿ ಅದನ್ನ. ಹಬ್ಬಕ್ಕೆ ಬರೋ ಮಕ್ಕಳ ಮುಂದೆ ಹಳೇ ಕಥೇನೇ ಹೇಳಿ, ಚೆನ್ನಾಗಿ ಹೇಳ್ತೀರಿ.”

ಮೊಣಕಾಲಿಗೆ ಕೈಯೂರಿ ಎದ್ದು, ಕೆಳಗಿಳಿದು ಹೋದರು. ಆ ಕಾರ್ಡನ್ನು ಹರಿಯಲು ನನಗೆ ಕೈ ಬರಲಿಲ್ಲ. ಉಳಿದವುಗಳ ಜೊತೆ ಅದೂ ಗ್ರಂಥಾಲಯಕ್ಕೆ ಸೇರಿದೆ. ಅದರ ಹಿಂಬದಿಯಲ್ಲಿ ಹೀಗೆ ಬರೆದಿದ್ದೇನೆ: “ಆಕರ: ಲೇಖಕನ ದಿನಚರಿ, ಸ್ವಹಸ್ತಾಕ್ಷರ. ಷರಾ: ಲೇಖಕನು ಈವರೆಗೆ ಹೇಳುತ್ತ ಬಂದ ವೃತ್ತಾಂತಕ್ಕೆ ಈ ದಾಖಲೆ ವಿರುದ್ಧವಾಗಿದೆ. ದಾಖಲೆಯೇ ಗ್ರಾಹ್ಯ.”